ನಾಯಿ ಬೆನ್ನು ಮಾಡಿದ ದಿನ

ಪತ್ರಯ್ಯನಿಗೆ ಉಪದೇಶ ಬೇಕಾಗಿತ್ತು.

ಹೊಳೆ ದಂಡೆಯ ಆ ಸಣ್ಣ ಮಠಕ್ಕೆ ಅವನು ಬಂದು ಎಷ್ಟೋ ವರ್ಷವಾಗಿತ್ತು. ಅವನಾದ ಮೇಲೆ ಬಂದವರೂ ಗುರುವಿನಿಂದ ಮಂತ್ರದ ಉಪದೇಶ ಪಡೆದು ತಮ್ಮ ತಮ್ಮ ದಾರಿ ಹಿಡಿದಿದ್ದರು. ಇವನು ಮಾತ್ರ ನೀರು ಸೇದುತ್ತ, ಅಂಗಳ ಗುಡಿಸುತ್ತ ಅಲ್ಲೇ ಉಳಿದಿದ್ದ. ಕೇಳಿದಾಗಲೆಲ್ಲ ಅಜ್ಜಾರು, ನೋಡೋಣ ಎಂದಷ್ಟೇ ಹೇಳಿ ಎದ್ದುಹೋಗುತ್ತಿದ್ದರು. ಮಠದ ಹಿರಿಯ ಸ್ವಾಮಿಗಳನ್ನು ಆ ಕಡೆ ಎಲ್ಲರೂ ಅಜ್ಜಾರು ಎಂದೇ ಕರೆಯುವುದು.

ಮಠದ ರೀತಿನೀತಿಯಲ್ಲಿ ಪತ್ರಯ್ಯನನ್ನು ಮೀರಿಸುವವರಿರಲಿಲ್ಲ. ಅಜ್ಜಾರಿಗೆ ಅವನು ಎಂದೂ ಬೆನ್ನು ಮಾಡಿದವನಲ್ಲ. ಅವರೆದುರಿನಿಂದ ಹೋಗುವಾಗ ಮುಖ ಅವರ ಕಡೆಗೇ ಇಟ್ಟು, ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತ ಹೊಸ್ತಿಲು ದಾಟುತ್ತಿದ್ದ. ಒಮ್ಮೆ ಹಾಗೇ ಹೋಗಿ ಹಿಟ್ಟು ನಾದುವ ಅಗಲ ಪರಾತದಲ್ಲಿ ಕೂತುಬಿಟ್ಟಿದ್ದ. ಅದರ ಬಗ್ಗೆಯೂ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಒಂದು ದಿನ ಊಟದ ಹೊತ್ತು ಮುಗಿದ ಮೇಲೆ ಪೇಟೆಯ ದನದ ಡಾಕ್ಟರು ಒಂದು ನಾಯಿಯನ್ನು ಕರೆತಂದರು.

ಮರಿಯಲ್ಲ, ಬೆಳೆದ ನಾಯಿ. ಮೂತಿಯ ಮೇಲೆ ಆಗಲೇ ಬಿಳಿಗೂದಲು. ಯಾವುದೋ ಕಲ್ಲಿನ ಕ್ರಷರ್‌ನಲ್ಲಿ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕಿದ್ದರಂತೆ. ಕ್ರಷರ್ ಮುಚ್ಚಿ ಜನ ಹೋದ ಮೇಲೂ ಅದು ಅಲ್ಲೇ ಕಟ್ಟಿಸಿಕೊಂಡು ಬಿದ್ದಿತ್ತಂತೆ. ಡಾಕ್ಟರು ಬಿಡಿಸಿ ತಂದು ಗಾಯ ಮಾಯಿಸಿದ್ದರು, ಕುತ್ತಿಗೆಯ ಸುತ್ತ ಮಾತ್ರ ಕೂದಲು ಮತ್ತೆ ಹುಟ್ಟಿರಲಿಲ್ಲ. ಇದಕ್ಕೆ ಶಾಂತವಾದ ಮನೆ ಬೇಕು, ಮಠಕ್ಕಿಂತ ಶಾಂತವಾದದ್ದು ಇನ್ನೆಲ್ಲಿ ಹುಡುಕಲಿ ಎಂದು ಅವರು ಕೇಳಿಕೊಂಡರು.

ಅಜ್ಜಾರು ಪತ್ರಯ್ಯನ ಕಡೆ ತಿರುಗಿದರು.

"ಇದನ್ನ ನೀ ನೋಡ್ಕೋ. ಇದು ನಿನಗ ಬೆನ್ನ ಮಾಡಿ ಮಲಗಿದ ದಿನ ನಿನಗ ಉಪದೇಶ ಕೊಡತೇನಿ."

ಪತ್ರಯ್ಯನಿಗೆ ತಲೆಬುಡ ತಿಳಿಯಲಿಲ್ಲ. "ಬೆನ್ನ ಮಾಡೂದು ತಪ್ಪಲ್ಲೇನ್ರಿ, ಅಜ್ಜಾರ?"

"ಯಾರಿಗೆ?" ಎಂದು ಕೇಳಿ ಅಜ್ಜಾರು ಕೋಣೆಗೆ ಹೋದರು. ಒಳಗಿನಿಂದ ಅಗಳಿ ಬಿದ್ದ ಸದ್ದಾಯಿತು. ಅವರು ಮಲಗುವಾಗ ಅಗಳಿ ಹಾಕಿಕೊಂಡೇ ಮಲಗುವವರು. ಅಜ್ಜಾರು ನಿದ್ದೆ ಮಾಡುವುದನ್ನು ಮಠದಲ್ಲಿ ಯಾರೂ ಕಂಡಿರಲಿಲ್ಲ.

ನಾಯಿ ಪಡಸಾಲೆಯ ಮೂಲೆ ಹಿಡಿಯಿತು. ಬೆನ್ನು ಗೋಡೆಗೆ, ಕಣ್ಣು ಪತ್ರಯ್ಯನಿಗೆ.

ಪತ್ರಯ್ಯ ಅದಕ್ಕೆ ಶಾಂತಪ್ಪ ಎಂದು ಹೆಸರಿಟ್ಟ. ನಾಯಿ ಕಿವಿಯನ್ನೂ ಆಡಿಸಲಿಲ್ಲ. ಮನೆ ಶಾಂತವಾಗಬೇಕಲ್ಲವೇ ಎಂದು ಮೌನವ್ರತ ಹಿಡಿದ. ತುದಿಗಾಲಲ್ಲಿ ನಡೆದಾಡಿದ. ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದ. ಸಂಜೆಯ ಪೂಜೆಯಲ್ಲಿ ಅಜ್ಜಾರು ಗಂಟೆ ಬಾರಿಸಿದಾಗ ಅದು ದಿಂಬಿಗೆ ಗುದ್ದಿದ ಹಾಗೆ ಸದ್ದು ಮಾಡಿತು. ಅವರು ಅವನನ್ನೊಮ್ಮೆ ನೋಡಿ ಪೂಜೆ ಮುಂದುವರಿಸಿದರು. ಅಡುಗೆಯ ಫಕೀರವ್ವನಿಗೂ ಬಾಯಿ ಮುಚ್ಚಿಕೊಂಡಿರಲು ಕೈಸನ್ನೆ ಮಾಡಿ, ಆಕೆಯಿಂದ ಚೆನ್ನಾಗಿ ಬೈಸಿಕೊಂಡ.

ಮಿಕ್ಕ ಹೊತ್ತೆಲ್ಲ ರೊಟ್ಟಿಯ ಚೂರು ಹಿಡಿದು ನಾಯಿಯ ಎದುರು ಕೂರುತ್ತಿದ್ದ. ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದ. ಈಗ ತಿರುಗೀತು, ಇನ್ನೇನು ತಿರುಗೀತು.

ಅದು ತಿರುಗಲಿಲ್ಲ. ಅವನು ಎದ್ದುಹೋಗುವ ತನಕ ರೊಟ್ಟಿ ಮುಟ್ಟಲೂ ಇಲ್ಲ. ಅಡುಗೆಮನೆಯಲ್ಲಿ ಫಕೀರವ್ವ ಪಾತ್ರೆ ಎತ್ತಿಹಾಕಿದರೆ ತಲೆ ಎತ್ತಿ ಮತ್ತೆ ಇಳಿಸುತ್ತಿತ್ತು. ಪತ್ರಯ್ಯ ಸದ್ದಿಲ್ಲದೆ ಹತ್ತಿರ ಬಂದರೆ ಮಾತ್ರ ಮೈಯೆಲ್ಲ ನಡುಗುತ್ತಿತ್ತು. ಇದೆಂಥ ವಿಚಿತ್ರ ಎಂದು ಅವನಿಗೆ ಬಗೆಹರಿಯಲಿಲ್ಲ. ದುಃಖವೂ ಆಯಿತು, ಸಿಟ್ಟೂ ಬಂತು.

ಕೊನೆಗೆ ವ್ರತ ಮುರಿದು ಅಜ್ಜಾರ ಹತ್ತಿರ ಹೋದ.

"ನಾ ಇಷ್ಟು ಶಾಂತ ಅದೇನ್ರಿ. ಆದ್ರೂ ಅದು ನನ್ನ ನಂಬವಲ್ದು."

ಅಜ್ಜಾರು ಹೌದೇನು ಎಂದರು, ಅಷ್ಟೇ.

ಮರುದಿನ ಬೆಳಿಗ್ಗೆ ಪತ್ರಯ್ಯ ಅಂಗಳ ಗುಡಿಸುತ್ತಿದ್ದಾಗ ಹಿಂದೆ ಯಾರೋ ನಿಂತಂತಾಯಿತು. ತಿರುಗಿದ. ಅಜ್ಜಾರು ನಿಂತಿದ್ದರು. ಕೈಯಲ್ಲಿ ಒಂದು ಚೂರು ರೊಟ್ಟಿ. ಮಾತಿಲ್ಲ, ಕತೆಯಿಲ್ಲ, ಸುಮ್ಮನೆ ಅವನನ್ನೇ ನೋಡುತ್ತಿದ್ದರು.

ಅವನು ಕೈಮುಗಿದು ಹಿಂದಹಿಂದಕ್ಕೆ ಸರಿದ. ಅವರು ಮುಂದೆ ಬಂದರು. ಬಾವಿಗೆ ಹೋದರೆ ಬಾವಿಗೆ ಬಂದರು. ದನದ ಕೊಟ್ಟಿಗೆಗೆ ಹೋದರೆ ಅಲ್ಲಿಗೂ ಬಂದರು, ಹೆಜ್ಜೆಯ ಸದ್ದೂ ಇಲ್ಲದೆ. ಬೆನ್ನು ಮಾಡುವಂತಿಲ್ಲ, ಬೆನ್ನು ಮಾಡದೆ ಕೆಲಸ ಸಾಗುವಂತಿಲ್ಲ. ನೀರು ಸೇದುವುದಕ್ಕೂ ಬಾವಿಗೆ ಬೆನ್ನು ಹಾಕಿ ನಿಂತು, ಹಗ್ಗವನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆಯಬೇಕಾಯಿತು. ತಾನು ಏನು ತಪ್ಪು ಮಾಡಿರಬಹುದು ಎಂದು ಹಿಂದಿನದನ್ನೆಲ್ಲ ನೆನೆಸಿಕೊಂಡ. ಊಟಕ್ಕೆ ಕೂತರೆ ಅಜ್ಜಾರು ಎದುರಿಗೆ ಕೂತು ಅವನ ಬಾಯನ್ನೇ ನೋಡಿದರು. ಅವನು ರೊಟ್ಟಿ ಮುಟ್ಟದೆ ತಾಟು ಪಕ್ಕಕ್ಕೆ ಸರಿಸಿದ.

ಮಧ್ಯಾಹ್ನದ ಹೊತ್ತಿಗೆ ಅವನ ಕೈಯಿಂದ ಕೊಡ ಜಾರಿ ಒಡೆಯಿತು.

"ನಾ ಏನ್ ತಪ್ಪ ಮಾಡೇನ್ರಿ? ಅದನ್ನರ ಹೇಳ್ರಿ," ಎಂದ. ಅಳು ಬಂದುಬಿಟ್ಟಿತ್ತು.

"ತಪ್ಪ ಯಾರ ಮಾಡ್ಯಾರ? ನಾ ಶಾಂತ ಅದೇನಲ್ಲೋ."

ರೊಟ್ಟಿಯ ಚೂರನ್ನು ಅವನ ಕೈಗಿಟ್ಟು ಅಜ್ಜಾರು ಹೋದರು.

ಪತ್ರಯ್ಯ ಒಂದು ಕೈಯಲ್ಲಿ ರೊಟ್ಟಿ ಹಿಡಿದೇ ಒಡೆದ ಕೊಡದ ಚೂರುಗಳನ್ನು ಆರಿಸಿದ. ಅರ್ಧ ತಿಳಿದ ಹಾಗಿತ್ತು, ಅರ್ಧ ಮತ್ತೂ ಗೋಜಲಾಗಿತ್ತು. ಪಡಸಾಲೆಗೆ ಬಂದು ರೊಟ್ಟಿಯ ಚೂರನ್ನು ಮೂಲೆಯ ಹತ್ತಿರ ಇಟ್ಟ, ನಾಯಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಅದಕ್ಕೆ ಬೆನ್ನು ಮಾಡಿ ಕೂತು, ಫಕೀರವ್ವ ಬಿಟ್ಟುಹೋಗಿದ್ದ ಮೊರವನ್ನು ಎಳೆದುಕೊಂಡು ಜೋಳ ಹಸನು ಮಾಡತೊಡಗಿದ. ಜೋಳ ಕೇರುತ್ತ, ಕಲ್ಲು ಆರಿಸುತ್ತ, ಅಜ್ಜಾರ ಮೇಲಿನ ಸಿಟ್ಟನ್ನೆಲ್ಲ ಗಟ್ಟಿಯಾಗಿಯೇ ಜೋಳಕ್ಕೆ ಹೇಳಿಕೊಂಡ.

ಹಿಂದೆ ರೊಟ್ಟಿ ಜಗಿಯುವ ಸದ್ದು ಕೇಳಿತು. ಅವನು ತಿರುಗಲಿಲ್ಲ.

ಮರುದಿನ ಗಂಟೆಗೆ ಸುತ್ತಿದ ಬಟ್ಟೆ ಬಿಚ್ಚಿದ. ಶಾಂತಪ್ಪ ಎಂದು ಕರೆಯುವುದನ್ನೂ ಬಿಟ್ಟ. ದಿನವೂ ಊಟವಾದ ಮೇಲೆ ಮೊರ ಹಿಡಿದು ಅದೇ ಜಾಗದಲ್ಲಿ ಕೂರುವುದು ರೂಢಿಯಾಯಿತು. ಮೊದಮೊದಲು ಉಪದೇಶದ ನೆನಪಾಗಿ ಕತ್ತು ತಿರುಗಿಸುವ ಆಸೆಯಾಗುತ್ತಿತ್ತು. ಬರಬರುತ್ತ ಜೋಳದಲ್ಲಿ ಕಲ್ಲು ಎಷ್ಟಿವೆ ಎಂಬುದೇ ದೊಡ್ಡ ಯೋಚನೆಯಾಯಿತು.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಅವನ ಬೆನ್ನಿಗೆ ಬೆಚ್ಚಗೆ ಏನೋ ತಾಗಿತು.

ಮೆಲ್ಲಗೆ ಕಣ್ಣು ಹೊರಳಿಸಿದ. ನಾಯಿ ಅವನ ಬೆನ್ನಿಗೆ ತನ್ನ ಬೆನ್ನು ಆನಿಸಿ, ಕಾಲು ಚಾಚಿ ಮಲಗಿತ್ತು. ಮೂತಿ ಬಾಗಿಲ ಕಡೆಗಿತ್ತು. ನಿದ್ದೆಯಲ್ಲಿ ಅದರ ಹೊಟ್ಟೆ ಏರಿಳಿಯುವುದು ಅವನ ಬೆನ್ನಿಗೆ ತಿಳಿಯುತ್ತಿತ್ತು.

ಪತ್ರಯ್ಯನ ಎದೆ ತುಂಬಿ ಬಂತು. ಎಷ್ಟು ವರ್ಷ ಕಾದದ್ದು ಇವತ್ತು ಕೈಗೆ ಬಂದಿದೆ. ಎದ್ದು ಓಡಿ ಅಜ್ಜಾರನ್ನು ಕರೆಯಬೇಕು ಎನಿಸಿತು. ಎದ್ದರೆ ಇದು ಬೆಚ್ಚಿಬೀಳುತ್ತದೆ. ಏನು ಮಾಡುವುದೆಂದು ತೋಚದೆ, ಕೈಯಲ್ಲಿ ಮೊರ ಹಿಡಿದು ಹಾಗೇ ಕೂತ.

ಅಜ್ಜಾರು ತಾವಾಗಿಯೇ ಬಂದರು. ಬಾಗಿಲಲ್ಲಿ ನಿಂತು ನೋಡಿದರು.

"ಏಳು. ಉಪದೇಶ ಕೊಡತೇನಿ, ಬಾ."

"ಈಗ ಆಗಂಗಿಲ್ರಿ, ಅಜ್ಜಾರ." ಅವನ ದನಿ ಮೆಲ್ಲಗಿತ್ತು. "ಎದ್ದರ ಇದಕ್ಕ ಎಚ್ಚರ ಆಕ್ಕೈತಿ."

"ಈ ಹೊತ್ತ ತಪ್ಪಿದ್ರ ಮತ್ತ ಕೊಡಂಗಿಲ್ಲ ಅಂದ್ರ?"

ಪತ್ರಯ್ಯನ ಕಣ್ಣು ತುಂಬಿದವು. ಬೆನ್ನಿನ ಹಿಂದೆ ನಾಯಿ ನಿದ್ದೆಯಲ್ಲೇ ಒಂದು ನಿಟ್ಟುಸಿರು ಬಿಟ್ಟಿತು.

"ಹಂಗಾದ್ರ ಬ್ಯಾಡ್ರಿ," ಎಂದ.

ಅಜ್ಜಾರು ತಮ್ಮ ಕೋಣೆಯ ಕಡೆ ಹೋಗಲಿಲ್ಲ. ಹೆಗಲ ಮೇಲಿನ ಶಲ್ಯವನ್ನು ತೆಗೆದು ಪಡಸಾಲೆಯಲ್ಲೇ, ಪತ್ರಯ್ಯನ ಮುಂದೆ ಹಾಸಿದರು. ಮೊಣಕಾಲು ಹಿಡಿದು ನಿಧಾನಕ್ಕೆ ಕೂತರು. ಆಮೇಲೆ ಅವನಿಗೆ ಬೆನ್ನು ಮಾಡಿ ಮಲಗಿಕೊಂಡರು.

ಪತ್ರಯ್ಯನಿಗೆ ದಿಕ್ಕೇ ತೋಚಲಿಲ್ಲ. ಕೈ ಮುಗಿಯೋಣವೆಂದರೆ ಕೈಯಲ್ಲಿ ಮೊರವಿತ್ತು. ಉಪದೇಶ ಕೈತಪ್ಪಿತೋ ಉಳಿಯಿತೋ ಎಂದು ಕೇಳಬೇಕೆಂದು ಬಾಯಿ ತೆರೆದ.

"ಅದು ಎದ್ದ ಮ್ಯಾಲೆ," ಎಂದರು ಅಜ್ಜಾರು, ತಿರುಗದೆ, "ನನ್ನೂ ಎಬ್ಬಸು."