ಬಿಲ್ಲೆ ಕುಡಿದ ಮೊದಲ ನೀರು

ಸೀಗೆ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಬಸವಂತನೆಂಬ ಶಿಷ್ಯ ತನ್ನ ಬಟ್ಟೆಯ ಗಂಟನ್ನು ಹೊಸ್ತಿಲ ಪಕ್ಕದಲ್ಲಿಟ್ಟು ಒಳಗೆ ಬಂದ. ಗುರುಗಳ ಮುಂದೆ ಕುಳಿತು ಕೇಳಿದ:

“ಗುರುಗಳೇ, ನಾನು ಒಪ್ಪೊತ್ತು ಉಣ್ಣುತ್ತೇನೆ. ನಾನು ಕೋಳಿ ಕೂಗುವ ಮೊದಲೇ ಏಳುತ್ತೇನೆ. ಉಳಿದವರು ಹರಟೆಗೆ ಕುಳಿತರೆ ನಾನು ಮೌನ ಹಿಡಿಯುತ್ತೇನೆ. ನೀವು ಹೇಳಿದ ಒಂದೊಂದು ಮಾತನ್ನೂ ನಾನು ಬಾಯಿಪಾಠ ಮಾಡಿದ್ದೇನೆ. ಇಷ್ಟಾದರೂ ಯಾರಾದರೂ ಒಂದು ಮಾತು ಅಂದರೆ ಸಾಕು, ನಾನು ಉರಿದು ಬೀಳುತ್ತೇನೆ. ಕಲಿತದ್ದೆಲ್ಲ ಆ ಹೊತ್ತಿಗೆ ಕಳಚಿ ಬೀಳುತ್ತದೆ. ಇನ್ನೇನು ಮಾಡಬೇಕು ನಾನು? ನಿಮ್ಮ ಮಾತು ಹಿಡಿಯದೆ ಇರುವುದಕ್ಕೆ ನಾನು ಕಾರಣವೋ, ಇಲ್ಲ...”

ಮುಂದಿನದನ್ನು ಅವನು ನುಂಗಿಕೊಂಡ. ನುಂಗಿದ್ದು ಏನೆಂದು ಗುರುಗಳಿಗೆ ತಿಳಿಯಿತು. ಹಿಂದಿನ ದಿನ ಸಾರಿಗೆ ಉಪ್ಪು ಸಾಲದೆಂದು ಅವನು ಅಡುಗೆಯವನ ಮೇಲೆ ಸೌಟು ಎತ್ತಿದ್ದು ಮಠಕ್ಕೆಲ್ಲ ಗೊತ್ತಿತ್ತು. ಹೊಸ್ತಿಲ ಪಕ್ಕದ ಗಂಟೂ ಕಾಣುತ್ತಿತ್ತು. ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಅವನು ಅಂದೇ ಮಠ ಬಿಟ್ಟು ಹೋಗುವವನಿದ್ದ.

ಗುರುಗಳು ತಮ್ಮ ಕಷಾಯದ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟರು. ಲೋಟದ ಅಡಿಯಲ್ಲಿ ಅಂಗೈಯಗಲದ ಒಂದು ಹೆಂಚಿನ ಬಿಲ್ಲೆ ಇತ್ತು. ಅದನ್ನು ಕೈಗೆ ತೆಗೆದುಕೊಂಡು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಅತ್ತೆ ಮತ್ತು ಮೈದುನ, ಹಿತ್ತಲಲ್ಲಿ ಮಡಕೆ ಸುಡುವ ಆವಿಗೆ. ಮಡಕೆಗೆ ಗಿರಾಕಿ ಇಲ್ಲವಾಗಿ ಆವಿಗೆ ತಣ್ಣಗೆ ಬಿದ್ದಿತ್ತು. ಅದನ್ನು ಕೆಡವಿ ತನ್ನ ಟೆಂಪೋ ನಿಲ್ಲಿಸಲು ಜಾಗ ಮಾಡಿಕೊಳ್ಳುತ್ತೇನೆಂದು ಮೈದುನ ಹೇಳುತ್ತಿದ್ದ. ಅತ್ತೆ ಮದುವೆಯಾಗಿ ಬಂದ ವರ್ಷ ತನ್ನ ಕೈಯಾರೆ ಮೆತ್ತಿದ ಆವಿಗೆ ಅದು. ಅವಳು ದಿನವೂ ಹೋಗಿ ಅದರ ಬಾಯಿಯ ಮುಂದೆ ಕಸ ಗುಡಿಸಿ ಬರುತ್ತಿದ್ದಳು.

ಸೊಸೆ ಒಂದು ಉಪಾಯ ಹುಡುಕಿದಳು. ಲೋಟದ ಅಡಿಗೆ ಇಡುವ ಬಿಲ್ಲೆಗಳನ್ನು ಮಾಡಿದಳು. ಮೇಲ್ಮುಖಕ್ಕೆ ಗಾಜಿನ ಲೇಪ ಬಳಿದು ಸುಟ್ಟಳು. ಕೆಳಮುಖವನ್ನು ಬರಿ ಮಣ್ಣಾಗಿಯೇ ಬಿಟ್ಟಳು. ಪೇಟೆಯ ಖಾನಾವಳಿಯ ಯಜಮಾನನೊಬ್ಬ ಅವನ್ನು ನೋಡಿ ಮೆಚ್ಚಿ, ಎಲ್ಲ ಮೇಜುಗಳಿಗೂ ಬೇಕೆಂದ. ಅವನ ಮೇಜುಗಳು ಸಾಗುವಾನಿಯವು, ಹೊಸದಾಗಿ ಪಾಲಿಶ್ ಮಾಡಿಸಿದವು. ಬಿಲ್ಲೆಯನ್ನು ಇಟ್ಟು ಬೆರಳಿನಿಂದ ಹಾಗೇ ತಳ್ಳಿದ. ಕರ್ರ್ ಎಂದಿತು. ಮೇಜಿನ ಮೇಲೆ ಬಿಳಿಯ ಗೆರೆ ಎದ್ದಿತು.

“ಏನಮ್ಮಾ, ಲೋಟ ಇಡೋಕೆ ತಂದೆಯೋ, ಮೇಜು ಉಳೋಕೆ ತಂದೆಯೋ?” ಎಂದ ಯಜಮಾನ. “ಚಂದ ಏನೋ ಇದೆ. ಅಡಿಗೆ ಏನಾದರೂ ಮೆತ್ತನೆಯದು ಹಾಕಿಕೊಂಡು ದೀಪಾವಳಿಯೊಳಗೆ ಬಾ. ಇಲ್ಲದಿದ್ದರೆ ಪ್ಲಾಸ್ಟಿಕ್ಕಿನದು ತರಿಸ್ತೀನಿ.”

ಮನೆಗೆ ಬಂದಾಗ ಮೈದುನ ಆವಿಗೆಯ ಸುತ್ತ ಹೆಜ್ಜೆ ಹಾಕಿ ಅಳತೆ ಮಾಡುತ್ತಿದ್ದ. “ಅತ್ತಿಗೆ, ದೀಪಾವಳಿವರೆಗೂ ಕಾಯ್ತೀನಿ. ಆಮೇಲೆ ನನ್ನನ್ನ ಅನ್ನಬೇಡ,” ಎಂದ.

ಕುಂಬಾರಗಿತ್ತಿ ಮೆತ್ತನೆಯ ಅಡಿಯನ್ನು ಹುಡುಕಿ ಹೊರಟಳು. ಅಂಗಡಿಯಲ್ಲಿ ಕಾರ್ಕ್ ಹಾಳೆ ಇತ್ತು. ಅದನ್ನು ಹಾಕಿದರೆ ಬಿಲ್ಲೆಗಿಂತ ಅದರ ಅಡಿಯೇ ದುಬಾರಿಯಾಗುತ್ತಿತ್ತು. ಪಂಚರ್ ಅಂಗಡಿಯವನು ಹಳೆಯ ಟ್ಯೂಬನ್ನು ಸುಮ್ಮನೆ ಕೊಟ್ಟ. ಅದು ತಿಕ್ಕಿದ ಕಡೆಯಲ್ಲೆಲ್ಲ ಕಪ್ಪು ಹತ್ತಿತು. ಗೋಣಿಯ ತುಂಡು ಹಾಕಿ ನೋಡಿದಳು. ಗೋಣಿ ನಾರು ಉದುರಿಸಿತು, ನೆನೆದರೆ ಒಣಗಲಿಲ್ಲ.

ಕೊನೆಗೆ ಕಂಬಳಿ ನೇಯುವವನ ಮನೆಗೆ ಹೋದಳು. ಕಂಬಳಿಯ ಅಂಚು ಸಮ ಮಾಡುವಾಗ ಕತ್ತರಿಸಿದ ತುಂಡುಗಳು ಅಂಗಳದ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಬೆರಳಿಗೆ ಮೆತ್ತಗಿದ್ದವು, ಎಳೆದರೆ ಹರಿಯುತ್ತಿರಲಿಲ್ಲ.

“ಇವನ್ನ ಏನು ಮಾಡ್ತೀಯಪ್ಪ?” ಎಂದು ಕೇಳಿದಳು.

“ಒಯ್ಯಮ್ಮ. ಕುರಿ ವಾಪಸ್ ತಗೊಳ್ಳಲ್ಲ, ನನಗೂ ಬೇಡ,” ಎಂದ ನೇಕಾರ. ಅವನ ಒಲೆಯ ಮೇಲೆ ಹುಣಸೆ ಬೀಜದ ಸರಿ ಕುದಿಯುತ್ತಿತ್ತು. ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ನೀರಿನಲ್ಲಿ ಕುದಿಸಿದ ಅಂಟು ಅದು. ಮಗ್ಗಕ್ಕೆ ಏರಿಸುವ ಮೊದಲು ಉಣ್ಣೆಯ ನೂಲಿಗೆ ಅದನ್ನು ಸವರುತ್ತಾರೆ. ಒಂದು ಕುಡಿಕೆ ಸರಿಯನ್ನೂ ಅವನು ಕೊಟ್ಟ. “ನಮ್ಮ ನೂಲು ಇದನ್ನ ಬಿಟ್ಟದ್ದಿಲ್ಲ. ನಿನ್ನ ಮಣ್ಣು ಏನು ಮಾಡುತ್ತೋ ನೋಡು.”

ಅವಳು ಕಂಬಳಿಯನ್ನು ಬಿಲ್ಲೆಯ ಅಳತೆಗೆ ಕತ್ತರಿಸಿದಳು. ಬಿಲ್ಲೆ ಕುಂಟಬಾರದೆಂದು ಅದರ ಕೆಳಮುಖವನ್ನು ಕಲ್ಲಿನ ಮೇಲೆ ಉಜ್ಜಿ ಸಮ ಮಾಡಿದಳು. ಒಣಬಟ್ಟೆಯಿಂದ ಒರೆಸಿದಳು. ಅಂಟು ಸವರಿ, ಕಂಬಳಿ ಇಟ್ಟು, ಮೇಲೆ ಭಾರ ಹೇರಿದಳು. ಬೆಳಿಗ್ಗೆ ಎತ್ತಿದರೆ ಬಿಲ್ಲೆ ಕೈಯಲ್ಲಿತ್ತು, ಕಂಬಳಿ ನೆಲದಲ್ಲಿತ್ತು.

ಅಂಟು ತೆಳುವಾಯಿತೆಂದುಕೊಂಡು ಗಟ್ಟಿಯಾಗಿ ಕುದಿಸಿದಳು. ಬಿಟ್ಟುಬಂತು. ಭಾರ ಸಾಲದೆಂದುಕೊಂಡು ಒಳಕಲ್ಲಿನ ಗುಂಡನ್ನೇ ತಂದು ಹೇರಿದಳು. ಬಿಟ್ಟುಬಂತು. ಕರಿ ಕಂಬಳಿಯ ಬದಲು ಬಿಳಿ ಕಂಬಳಿ ಹಾಕಿದಳು. ಅದೂ ಬಿಟ್ಟುಬಂತು. ಬಿಲ್ಲೆಯೇ ಸಮವಿಲ್ಲವೆಂದುಕೊಂಡು ಇನ್ನೂ ಉಜ್ಜಿದಳು. ಕನ್ನಡಿಯಂತೆ ನುಣುಪಾಗುವವರೆಗೆ ಉಜ್ಜಿದಳು. ಈ ಸಲ ಬೆಳಿಗ್ಗೆ ಎತ್ತಿ ನೋಡುವುದೂ ಬೇಕಾಗಲಿಲ್ಲ. ಭಾರ ಇಳಿಸಿದ ಕೂಡಲೇ ಕಂಬಳಿ ತಾನಾಗಿ ಜಾರಿತು. ಹೆಚ್ಚು ಉಜ್ಜಿದಷ್ಟೂ ಬೇಗ ಬಿಡುತ್ತಿತ್ತು.

ನೇಕಾರ ಸುಳ್ಳು ಹೇಳಿದನೆಂದುಕೊಂಡಳು. ಅಂಟಿನಲ್ಲಿ ಸತ್ವವಿಲ್ಲವೆಂದುಕೊಂಡಳು. ಸಿಟ್ಟಿನಲ್ಲಿ ಬಿದ್ದ ಕಂಬಳಿಯನ್ನು ಎತ್ತಿ ಒಲೆಗೆ ಎಸೆಯಲು ಹೋದಳು. ಎಸೆಯುವ ಮೊದಲು ಅದು ಮಗುಚಿಕೊಂಡಿತು. ಅವಳ ಕೈ ಅಲ್ಲೇ ನಿಂತಿತು.

ಬಿಳಿ ಕಂಬಳಿಯ ಒಳಮೈ ಕೆಂಪಗಿತ್ತು.

ಬಾಗಿಲ ಬೆಳಕಿಗೆ ಹಿಡಿದಳು. ಅಂಚಿನಿಂದ ಅಂಚಿಗೆ ಕೆಂಪು ಹರಡಿತ್ತು. ಬೆರಳಿನಿಂದ ಉಜ್ಜಿದಳು, ಹೋಗಲಿಲ್ಲ. ಉಗುರಿನಿಂದ ಕೆರೆದಳು, ಹೋಗಲಿಲ್ಲ. ಕಣ್ಣಿನ ಹತ್ತಿರ ತಂದು ನೋಡಿದಳು. ತಾನು ಕಲ್ಲಿನ ಮೇಲೆ ಬಿಲ್ಲೆಯನ್ನು ಉಜ್ಜಿದ ಗೆರೆಗಳು ಆ ಕೆಂಪಿನಲ್ಲಿ ಒಂದೂ ತಪ್ಪದೆ ಮೂಡಿದ್ದವು. ಅವಳ ಕೈ ಎಲ್ಲಿ ಭಾರವಾಗಿತ್ತು, ಎಲ್ಲಿ ಹಗುರವಾಗಿತ್ತು ಎಂಬುದೂ ಅಲ್ಲಿತ್ತು.

ಅಂಟು ಬಿಟ್ಟಿರಲೇ ಇಲ್ಲ. ತನ್ನನ್ನು ಮುಟ್ಟಿದ್ದನ್ನು ಅದು ಉಸಿರು ಕಟ್ಟಿ ಹಿಡಿದುಕೊಂಡಿತ್ತು. ಅದನ್ನು ಮುಟ್ಟಿದ್ದು ಬಿಲ್ಲೆಯಲ್ಲ, ಬಿಲ್ಲೆಯ ಮೇಲಿನ ಧೂಳು. ಆ ಧೂಳು ಬೀದಿಯಿಂದ ಬಂದದ್ದಲ್ಲ. ಬಿಲ್ಲೆಯದೇ ಮೈ ಅದು, ಅವಳೇ ಉಜ್ಜಿ ಎಬ್ಬಿಸಿದ್ದು. ಒಣಬಟ್ಟೆಗೆ ಸಿಗದಷ್ಟು ನುಣ್ಣಗೆ ರಂಧ್ರ ರಂಧ್ರದಲ್ಲಿ ಕುಳಿತಿತ್ತು.

ಅವಳು ಬಹಳ ಹೊತ್ತು ಆ ಕಂಬಳಿಯ ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡು ಕುಳಿತಳು. ಅಂಟನ್ನು ದೂರಿದ್ದಕ್ಕೆ ನಾಚಿಕೆಯಾಗಲಿಲ್ಲ. ಅದಕ್ಕಿಂತ ದೊಡ್ಡದೇನೋ ಆಯಿತು. ಇಷ್ಟು ನಂಬಿಕೆಯ ವಸ್ತುವನ್ನು ಅವಳು ಅದುವರೆಗೆ ಕೈಯಲ್ಲಿ ಹಿಡಿದಿರಲಿಲ್ಲ.

ಹಾಗಾದರೆ ಬಿಲ್ಲೆಯನ್ನು ತೊಳೆಯಬೇಕು. ಯಾರಿಗಾದರೂ ಮೊದಲೇ ಹೊಳೆಯುವ ಮಾತು ಅದು. ಅವಳಿಗೆ ಹೊಳೆಯದೆ ಇದ್ದುದಕ್ಕೆ ಕಾರಣವಿತ್ತು. ಆವಿಗೆಯಿಂದ ಇಳಿದ ಮಣ್ಣಿಗೆ ಆ ಮನೆಯವರು ನೀರು ಸೋಕಿಸುತ್ತಿರಲಿಲ್ಲ. ಮೊದಲ ನೀರು ಕೊಂಡವರದು. ಮನೆಯವರು ನೀರು ಹಾಕಿದರೆ ಮಡಕೆ ಎಂಜಲಾದಂತೆ. ಅತ್ತೆಯ ಅತ್ತೆಯ ಕಾಲದಿಂದಲೂ ಹಾಗೆಯೇ ನಡೆದುಬಂದಿತ್ತು.

ಅವಳು ಬಿಲ್ಲೆ ಹಿಡಿದು ನೀರಿನ ಬಾನಿಯ ಹತ್ತಿರ ನಿಂತಳು. ಅತ್ತೆ ಜಗಲಿಯಿಂದ ನೋಡಿದಳು.

“ಏನವ್ವಾ, ಕೊಂಡವರ ಪಾಲನ್ನ ನೀನೇ ಕುಡಿಸ್ತೀಯಾ?”

“ಅತ್ತೆ, ಮಡಕೆಯಾದರೆ ಕೊಂಡವರು ನೀರು ಹಾಕ್ತಾರೆ. ಇದು ಲೋಟದ ಅಡಿಗೆ ಕೂರೋದು. ಲೋಟದಲ್ಲಿ ಎಷ್ಟು ನೀರಿದ್ದರೂ ಇದರ ಬೆನ್ನಿಗೆ ಒಂದು ಹನಿ ಸಿಗಲ್ಲ. ಇದಕ್ಕೆ ಯಾರು ಕುಡಿಸಬೇಕು?”

ಅತ್ತೆ ಎದ್ದು ಬಂದಳು. ಬೇಡವೆನ್ನಲು ಬಂದಳೆಂದು ಸೊಸೆ ಅಂದುಕೊಂಡಳು. ಮುದುಕಿ ಬಾನಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೆರಿಗೆಯ ಮನೆಯಲ್ಲಿ ಕುಳಿತುಕೊಳ್ಳುವ ಹಾಗೆ ಕುಳಿತಳು.

ಸೊಸೆ ಬಿಲ್ಲೆಯ ಕೆಳಮುಖಕ್ಕೆ ನೀರು ಹೊಯ್ದು, ತೆಂಗಿನ ನಾರಿನಿಂದ ತಿಕ್ಕಿದಳು. ಕೆಂಪು ನೀರು ಹರಿಯಿತು. ಹರಿಯುವ ನೀರು ತಿಳಿಯಾಗುವವರೆಗೆ ತಿಕ್ಕಿದಳು. ಆಮೇಲೆ ಬಿಲ್ಲೆಯನ್ನು ಬಾನಿಯೊಳಗೆ ಬಿಟ್ಟಳು.

ಬಿಲ್ಲೆ ಸದ್ದು ಮಾಡಿತು.

ಕಾದ ಕಾವಲಿಗೆ ಹನಿ ಬಿದ್ದ ಸದ್ದಲ್ಲ. ಅದಕ್ಕಿಂತ ಸಣ್ಣದು, ಉದ್ದದ್ದು. ಹಸಿದ ಕೂಸು ಮೊಲೆಗೆ ಬಾಯಿಟ್ಟಾಗ ಬರುವಂಥದ್ದು. ಬಿಲ್ಲೆಯ ಮೈಯಿಂದ ಗುಳ್ಳೆಗಳು ಸಾಲುಗಟ್ಟಿ ಮೇಲೆದ್ದವು. ಅಷ್ಟು ಸಣ್ಣ ಮಣ್ಣಿನೊಳಗೆ ಅಷ್ಟು ಗಾಳಿ ಇತ್ತೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅತ್ತೆ ಬಾನಿಯ ಕಂಠಕ್ಕೆ ಕಿವಿ ಹಚ್ಚಿದಳು. ಗುಳ್ಳೆ ನಿಲ್ಲುವವರೆಗೆ ಕಿವಿ ತೆಗೆಯಲಿಲ್ಲ.

“ಬುದ್ಧಿ ಬಂದಾಗಿನಿಂದ ಮಣ್ಣು ಸುಟ್ಟಿದ್ದೀನಿ,” ಎಂದಳು ಅತ್ತೆ. “ನಮ್ಮ ಮಣ್ಣು ಮೊದಲ ನೀರು ಕುಡಿಯೋದನ್ನ ಇವತ್ತು ಕೇಳಿದೆ. ಇಷ್ಟು ಬಾಯಾರಿರುತ್ತಾ ಅದಕ್ಕೆ?”

ಹುಟ್ಟಿಸಿದ ಮಡಕೆಗಳೆಲ್ಲ ಬೇರೆಯವರ ಮನೆಯಲ್ಲಿ ಹೀಗೆ ಕುಡಿದಿದ್ದವು. ಅವಳಿಗೆ ಕೇಳಿಸಿರಲಿಲ್ಲ. ಅವಳು ಕಣ್ಣು ಒರೆಸಿಕೊಂಡಳು. ಆಮೇಲೆ ತಾನೇ ಎದ್ದು ಇನ್ನೊಂದು ಬಿಲ್ಲೆ ತಂದು, ಸೊಸೆಯನ್ನು ಕೇಳದೆ, ತಿಕ್ಕಿ ತೊಳೆದು ಬಾನಿಯೊಳಗೆ ಬಿಟ್ಟಳು. ಮತ್ತೆ ಕಿವಿ ಹಚ್ಚಿದಳು.

ತೊಳೆದ ಬಿಲ್ಲೆಗಳನ್ನು ಬಿಸಿಲಿಗಿಟ್ಟು ಒಣಗಿಸಿದರು. ಒಣಗಿದ ಮೇಲೆ ಸೊಸೆ ಮೊದಲು ತೆಳುವಾದ ಸರಿಯನ್ನು ಸವರಿದಳು. ಬಿಲ್ಲೆ ಅದನ್ನು ಒಳಗೆ ಎಳೆದುಕೊಂಡಿತು. ನೋಡುತ್ತ ನೋಡುತ್ತ ಒದ್ದೆ ಮಾಯವಾಯಿತು. ಆಮೇಲೆ ಗಟ್ಟಿ ಅಂಟನ್ನು ಸವರಿ, ಕಂಬಳಿ ಇಟ್ಟು, ಭಾರ ಹೇರಿ, ಪೂರ್ತಿ ಒಣಗುವವರೆಗೆ ಮುಟ್ಟದೆ ಬಿಟ್ಟಳು.

ಭಾರ ತೆಗೆದು ಕಂಬಳಿಯ ತುದಿ ಹಿಡಿದು ಎತ್ತಿದಳು. ಬಿಲ್ಲೆ ಗಾಳಿಯಲ್ಲಿ ತೂಗಿತು. ಎಳೆದಳು. ಉಣ್ಣೆ ಕಿತ್ತು ಬೆರಳಿಗೆ ಬಂತು. ಅಂಟು ಬರಲಿಲ್ಲ. ಅದೇ ಉಣ್ಣೆ, ಅದೇ ಅಂಟು, ಅದೇ ಮಣ್ಣು.

ದೀಪಾವಳಿಯ ಹಿಂದಿನ ದಿನ ಖಾನಾವಳಿಯ ಯಜಮಾನ ಬಿಲ್ಲೆಯನ್ನು ಮೇಜಿನ ಈ ತುದಿಯಿಂದ ಆ ತುದಿಗೆ ತಳ್ಳಿದ. ಸದ್ದಿಲ್ಲ. ನಂಬದೆ ಮೇಜಿಗೆ ಕಿವಿಯಿಟ್ಟು ಮತ್ತೆ ತಳ್ಳಿದ. ಮಗುಚಿ, ಉಗುರು ಹಾಕಿ ಕಂಬಳಿಯನ್ನು ಬಿಡಿಸಲು ನೋಡಿದ.

“ಇದನ್ನ ಬಿಡಿಸೋದು ಹೇಗಮ್ಮಾ?” ಎಂದು ಕೇಳಿದ.

“ಅಂಟಿಸೋದನ್ನ ಈಗಷ್ಟೇ ಕಲಿತೆ ಯಜಮಾನ್ರೇ,” ಎಂದಳು ಕುಂಬಾರಗಿತ್ತಿ. “ಬಿಡಿಸೋದು ಗೊತ್ತಿಲ್ಲ.”

ಹಬ್ಬದ ಮರುದಿನ ಆವಿಗೆಗೆ ಬೆಂಕಿ ಬಿತ್ತು. ಮೈದುನ ಟೆಂಪೋವನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಸುಟ್ಟು ಇಳಿಸಿದ ಬಿಲ್ಲೆಗಳಿಗೆ ನೀರು ಕುಡಿಸುವ ಕೆಲಸವನ್ನು ಅತ್ತೆ ಬೇರೆ ಯಾರಿಗೂ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿ, ಕೈಯಲ್ಲಿದ್ದ ಬಿಲ್ಲೆಯನ್ನು ಬಸವಂತನಿಗೆ ಕೊಟ್ಟರು. ಅವನು ಮಗುಚಿ ನೋಡಿದ. ಬೆನ್ನಿಗೆ ಬಿಳಿ ಕಂಬಳಿ ಇತ್ತು. ಮಠಕ್ಕೆ ಬಂದಾಗಿನಿಂದ ಗುರುಗಳ ಲೋಟವನ್ನು ದಿನವೂ ಅದರ ಮೇಲೆ ಇಟ್ಟವನು ಅವನೇ. ಮಗುಚಿ ನೋಡಿದ್ದು ಇದೇ ಮೊದಲು. ಅಂಚಿಗೆ ಉಗುರು ಹಾಕಿ ಎಳೆದ. ಒಂದು ಎಳೆ ಉಣ್ಣೆ ಬಂತು. ಕಂಬಳಿ ಅಲುಗಲಿಲ್ಲ. ಉಜ್ಜಿದ ಗೆರೆಗಳು ಮೂಡಿದ್ದ ಆ ಕೆಂಪು ತುಂಡು ಅವನ ಕಣ್ಣ ಮುಂದೆ ಬಂತು. ಕಳಚಿ ಬಿದ್ದದ್ದೆಂದು ತಾನು ತಿಳಿದಿದ್ದ ಮಾತುಗಳೆಲ್ಲ ಹಾಗೆಯೇ ಎಲ್ಲೋ ಏನನ್ನೋ ಬಿಗಿಯಾಗಿ ಹಿಡಿದುಕೊಂಡು ಬಿದ್ದಿರಬೇಕು ಅನ್ನಿಸಿ ಅವನ ಮೈ ಜುಮ್ಮೆಂದಿತು.

ತನ್ನ ಒಪ್ಪೊತ್ತು, ತನ್ನ ಮೌನ, ತನ್ನ ಬಾಯಿಪಾಠ ಅವನಿಗೆ ನೆನಪಾದವು. ಉಜ್ಜಿದ್ದು ಕಡಿಮೆಯಾಗಿರಲಿಲ್ಲ.

“ಗುರುಗಳೇ,” ಎಂದ. ಧ್ವನಿ ತಗ್ಗಿತ್ತು. “ಅವಳಿಗೆ ಧೂಳು ಕಣ್ಣಿಗೆ ಕಂಡಿತು. ಇಲ್ಲಿ ಧೂಳು ಯಾವುದು?”

ಗುರುಗಳು ಬಿಲ್ಲೆಯನ್ನು ಹಿಂದಕ್ಕೆ ತೆಗೆದುಕೊಂಡು, ಅದರ ಮೇಲೆ ಲೋಟವನ್ನು ಇಟ್ಟರು.

“ಈಗ ನೀನು ಬಂದು ಪ್ರಶ್ನೆ ಕೇಳಿದೆಯಲ್ಲ, ಅದರಲ್ಲಿ ‘ನಾನು’ ಎಂದದ್ದು ಏಳು ಸಲ.”