ಸಾಕು ಎಂಬ ಒಂದೇ ಮಾತು

ಪರಮಪೂಜ್ಯ ಅಡಿವೆಯ್ಯ ಅಜ್ಜನವರು ಕರಿಗುಡ್ಡದ ಬುಡದಲ್ಲಿ, ನೀರಿನ ಸೆಲೆಯ ಪಕ್ಕದ ಜೋಪಡಿಯೊಂದರಲ್ಲಿ ವಾಸವಾಗಿದ್ದರು. ಒಂದು ಕಂಬಳಿ, ಒಂದು ತಂಬಿಗೆ, ಇಷ್ಟೇ ಅವರ ಸಂಸಾರ. ದಿನಕ್ಕೆ ಒಂದೇ ಮಾತು ಆಡುವುದು ಹನ್ನೆರಡು ವರ್ಷಗಳಿಂದ ಅವರು ನಡೆಸಿಕೊಂಡು ಬಂದ ನಿಯಮ. ಮಾತು ಎಂದರೆ ಒಂದೇ ಪದ! ನಮ್ಮಂಥವರಿಗೆ ಒಂದು ತಾಸು ಕೂಡ ಸಾಧ್ಯವಾಗದ ತಪಸ್ಸು ಅದು.

ಒಮ್ಮೆ ಬೇಸಿಗೆಯಲ್ಲಿ ಊರಿನ ನಾಗನಗೌಡರು ಬಂದು ಕೈಮುಗಿದರು. "ಅಪ್ಪಾರ, ನಲವತ್ತು ಎಮ್ಮಿ ಕಟ್ಟೇನ್ರಿ. ಸೆಲಿ ನೀರು ಪೂರಾ ನನ್ನ ದೊಡ್ಡಿಗೆ ತಿರುವಿಕೊಳ್ಳಲೇನ್ರಿ?"

"ಸಾಕು," ಎಂದರು ಅಜ್ಜನವರು.

ಗೌಡರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎಮ್ಮೆ ಸಾಕು ಎಂದು ಗುರುಗಳೇ ಅಪ್ಪಣೆ ಕೊಟ್ಟ ಮೇಲೆ ತಡವೇಕೆ? ಮರುದಿನವೇ ಸೆಲೆಗೆ ಒಡ್ಡು ಕಟ್ಟಿಸಿ, ಕಾಲುವೆ ತೋಡಿಸಿ, ಎಮ್ಮೆಗಳು ಮೈಚಾಚಿ ಮಲಗುವಷ್ಟು ದೊಡ್ಡ ಹೊಂಡ ತುಂಬಿಸಿಕೊಂಡರು. ತನಗೆ ಬೇಕಾದಷ್ಟನ್ನೇ ಕೇಳಿಸಿಕೊಳ್ಳುವ ಕಿವಿ ಗೌಡರೊಬ್ಬರದೇ ಅಲ್ಲ ಬಿಡಿ.

ಕೆಳಗಿನ ಕೇರಿಗೆ ಇದ್ದದ್ದು ಆ ಸೆಲೆಯೊಂದೇ. ಮೂರನೆಯ ದಿನ ದುರಗವ್ವ ಎಂಬ ಬಾಣಂತಿ ಖಾಲಿ ಕೊಡ ಹಿಡಿದು ಜೋಪಡಿಯ ಮುಂದೆ ನಿಂತಳು. "ಯಪ್ಪಾ, ಕುಡಿಯಾಕ ಹನಿ ನೀರಿಲ್ಲ. ನನ್ನ ಎದಿ ಬತ್ತೈತಿ, ಕೂಸು ಅಳೂದೂ ಬಿಟ್ಟೈತಿ," ಎಂದಳು.

ಅಜ್ಜನವರು ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಅವಳಿಗೆ ಕುಡಿಸಿ, ಅವಳನ್ನು ಕರೆದುಕೊಂಡು ನೆಟ್ಟಗೆ ಗೌಡರ ದೊಡ್ಡಿಗೆ ನಡೆದರು. ಕೇರಿಯ ಹೆಂಗಸರೂ ಕೊಡ ಹಿಡಿದು ಹಿಂದೆಯೇ ಬಂದರು.

ಗೌಡರು ಗಾಬರಿಯಾದರು. "ಎಮ್ಮಿ ಸಾಕು ಅಂತ ತಾವ ಅಂದಿದ್ರೆಲ್ರೀ ಅಪ್ಪಾರ?"

ಹನ್ನೆರಡು ವರ್ಷದ ನಿಯಮವನ್ನು ಆ ಮಹಾತ್ಮರು ಅಂದು ಒಂದು ಕೂಸಿಗಾಗಿ ಮುರಿದರು. ಹೊಂಡವನ್ನು ತೋರಿಸಿ, "ನಿನಗ ಸಾಕು," ಎಂದರು. ಹೆಂಗಸರತ್ತ ಕೈಮಾಡಿ, "ಇವರನ್ನ ಸಾಕು," ಎಂದರು.

ಗೌಡರು ಸನಿಕೆ ತೆಗೆದುಕೊಂಡು ಹೋಗಿ ತಾವೇ ಒಡ್ಡು ಒಡೆದರು. ನೀರು ತನ್ನ ಹಳೆಯ ದಾರಿ ಹಿಡಿಯಿತು. ಎಲ್ಲರೂ ದುರಗವ್ವನನ್ನು ಮುಂದೆ ಬಿಟ್ಟರು. ಅವಳ ಕೊಡ ಇನ್ನೂ ಮುಕ್ಕಾಲು ಮಾತ್ರ ತುಂಬಿತ್ತು, ಅಷ್ಟರಲ್ಲೇ "ಸಾಕು" ಎಂದು ಸರಿದು ಹಿಂದಿನವಳಿಗೆ ಜಾಗ ಕೊಟ್ಟಳು.

ಒಣಗಿದ ತುಟಿಯಿಂದ ಬಂದ ಆ ಮಾತು ಕೇಳಿ ಗೌಡರ ಕಣ್ಣು ತುಂಬಿ ಬಂತು. ಅವರು ಅಜ್ಜನವರ ಪಾದ ಮುಟ್ಟಿ ಎದ್ದು, ದುರಗವ್ವನ ಕೊಡವನ್ನು ತಮ್ಮ ಹೆಗಲ ಮೇಲಿಟ್ಟುಕೊಂಡು, ಹುಟ್ಟಿದಾಗಿನಿಂದ ಮೊದಲ ಸಲ ಕೆಳಗಿನ ಕೇರಿಗೆ ಇಳಿದರು.