ಒಂಟಿ ಎತ್ತಿನ ರೈತ

"ಬುದ್ಧಿ, ಎಲ್ಲಕ್ಕಿಂತ ಗಟ್ಟಿಯಾದ ಬಂಧ ಯಾವುದು?"

ಕೇಳಿದವನು ನಿಜಗುಣಯ್ಯ. ಅವನು ಮಠದ ಶಿಷ್ಯ. ಮಠದ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರೂ ಹೌದು. ಪಾಠ ಮುಗಿಸಿ ನೇರವಾಗಿ ಗುರುಗಳ ಬಳಿ ಬಂದಿದ್ದರಿಂದ ಅವನ ಕೈಯಲ್ಲಿ ಇನ್ನೂ ಒಂದು ಸುತ್ತಿಗೆ ಇತ್ತು. ಮೇಷ್ಟ್ರ ಕೈಯಲ್ಲಿ ಸುತ್ತಿಗೆ ಏಕೆ ಬಂತು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಂದು ಬೆಳಿಗ್ಗೆ ಅವನು ಮಕ್ಕಳ ಮುಂದೆ ಒಂದು ಹರಳು ಉಪ್ಪು, ಒಂದು ಬಿಲ್ಲೆ ಕರ್ಪೂರ ಮತ್ತು ಒಂದು ತುಂಡು ತಾಮ್ರದ ತಂತಿ ಇಟ್ಟಿದ್ದ. ಮೂರನ್ನೂ ಸುತ್ತಿಗೆಯಿಂದ ಹೊಡೆದ. ಉಪ್ಪು ಸಿಡಿದು ಚೂರಾಯಿತು. ಕರ್ಪೂರ ಪುಡಿಯಾಯಿತು. ತಾಮ್ರ ಚಪ್ಪಟೆಯಾಯಿತು, ಮುರಿಯಲಿಲ್ಲ. ಸರಿ, ತಾಮ್ರವೇ ಗಟ್ಟಿ ಎಂದುಕೊಂಡ. ಆಮೇಲೆ ಬಿಸಿ ಮಾಡಿ ನೋಡಿದ. ಹೊಡೆತಕ್ಕೆ ಚೂರಾಗಿದ್ದ ಉಪ್ಪು ಬಿಸಿಗೆ ಜಗ್ಗಲೇ ಇಲ್ಲ. ಕರ್ಪೂರ ಆವಿಯಾಗಿ ಹೋಯಿತು. ತಾಮ್ರದ ಒಂದು ತುದಿ ಕಾಯುತ್ತಿದ್ದರೆ ಇನ್ನೊಂದು ತುದಿಯನ್ನು ಹಿಡಿದಿದ್ದ ಅವನ ಬೆರಳು ಸುಟ್ಟಿತು. ಕೊನೆಗೆ ನೀರು ತಂದ. ಬಿಸಿಗೆ ಹೆದರದ ಉಪ್ಪು ನೀರಿನಲ್ಲಿ ಸದ್ದಿಲ್ಲದೆ ಕರಗಿತು. ಯಾವುದು ಗಟ್ಟಿ, ಯಾವುದು ಅಲ್ಲ ಎಂದು ಅವನಿಗೇ ತಿಳಿಯದೆ ಹೋಯಿತು.

ಆದರೆ ಅವನು ಕೇಳಿದ್ದು ಉಪ್ಪಿಗಾಗಿ ಮಾತ್ರ ಅಲ್ಲ. ಇದನ್ನೂ ಹೇಳಬೇಕು. ಪಕ್ಕದ ಊರಿನ ಶಾಲೆಯಲ್ಲಿ ಗಣಿತ ಕಲಿಸುವ ಚಂಪಾವತಿಯ ಜೊತೆ ಅವನ ಮದುವೆಯ ಮಾತು ನಡೆದಿತ್ತು. ಇಬ್ಬರಿಗೂ ಒಪ್ಪಿಗೆ ಇತ್ತು. ಆದರೂ ಅವನು ಹೂಂ ಎನ್ನಲಿಲ್ಲ. ಅವನ ಅಕ್ಕನ ಸಂಸಾರ ಅವನ ಕಣ್ಣೆದುರೇ ಒಡೆದಿತ್ತು. ಹಾಗಾಗಿ ತನ್ನದು ಒಡೆಯಬಾರದು ಎಂದು ಅವನು ಮೊದಲೇ ಪರೀಕ್ಷೆ ಮಾಡಿ ನೋಡುತ್ತಿದ್ದ. ಒಮ್ಮೆ ಬರುತ್ತೇನೆಂದು ಹೇಳಿ ಬೇಕೆಂದೇ ಹೋಗಲಿಲ್ಲ, ಅವಳಿಗೆ ಸಿಟ್ಟು ಬರುತ್ತದೆಯೋ ನೋಡೋಣ ಎಂದು. ಇನ್ನೊಮ್ಮೆ, "ನಾನು ಕಾವಿ ಹಾಕಿಬಿಟ್ಟರೆ ಏನು ಮಾಡುತ್ತೀರಿ?" ಎಂದು ಕೇಳಿದ.

"ಬಣ್ಣ ಬಿಡದ ಹಾಗೆ ಒಗೆಯೋದು ಹೇಗೆ ಅಂತ ಹೇಳಿಕೊಡ್ತೀನಿ, ಮೇಷ್ಟ್ರೇ," ಎಂದಿದ್ದಳು ಚಂಪಾವತಿ.

ಅದು ತಮಾಷೆಯೋ ಬೇಸರವೋ ಅವನಿಗೆ ಇಂದಿಗೂ ಗೊತ್ತಾಗಿರಲಿಲ್ಲ. ಈಗ ಅವಳ ಸೋದರಮಾವ ತಿಪ್ಪೇರುದ್ರಪ್ಪ ಕೊನೆಯ ಮಾತು ಕೇಳಲು ಮಠಕ್ಕೆ ಬರುವವನಿದ್ದ. ಇಂದು ಉತ್ತರ ಸಿಗದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದ್ದ.

ಗುರುಗಳು ಕೇಳಿದರು: "ಗಟ್ಟಿ ಯಾವುದು ಅನ್ನೋದು ಆಮೇಲೆ. ಅವು ಒಂದಕ್ಕೊಂದು ಅಂಟಿಕೊಳ್ಳುವುದು ಹೇಗೆ? ಅದನ್ನು ಹೇಳು."

ನಿಜಗುಣಯ್ಯ ಹೇಳಿದ. ಪರಮಾಣುವಿನ ಹೊರಸುತ್ತಿನಲ್ಲಿ ಎಲೆಕ್ಟ್ರಾನುಗಳಿರುತ್ತವೆ. ಅವು ಜೋಡಿಯಾಗಿ ಸುತ್ತು ತುಂಬಿದ್ದರೆ ಪರಮಾಣುವಿಗೆ ನೆಮ್ಮದಿ. ಒಂಟಿ ಉಳಿದರೆ ನೆಮ್ಮದಿಯಿಲ್ಲ. ಆ ನೆಮ್ಮದಿಗಾಗಿ ಒಂದು ಪರಮಾಣು ತನ್ನ ಎಲೆಕ್ಟ್ರಾನನ್ನು ಇನ್ನೊಂದಕ್ಕೆ ಕೊಟ್ಟುಬಿಡುತ್ತದೆ. ಆಗ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸೆಳೆತ ಹುಟ್ಟುತ್ತದೆ. ಉಪ್ಪು ಹಾಗೆ ಆದದ್ದು. ಅಥವಾ ಎರಡು ಪರಮಾಣುಗಳು ಒಂದೊಂದು ಎಲೆಕ್ಟ್ರಾನ್ ಹಾಕಿ ಆ ಜೋಡಿಯನ್ನು ಹಂಚಿಕೊಳ್ಳುತ್ತವೆ. ಕರ್ಪೂರದ ಕಣದೊಳಗೆ ಇರುವುದು ಅದು. ತಾಮ್ರದಲ್ಲಾದರೋ ಎಲ್ಲವೂ ತಮ್ಮದನ್ನು ಒಟ್ಟಿಗೆ ಬಿಟ್ಟುಬಿಡುತ್ತವೆ, ಅದು ಯಾರದೂ ಅಲ್ಲ, ಎಲ್ಲರದೂ ಹೌದು. ಪುಸ್ತಕದಲ್ಲಿ ಇವಕ್ಕೆ ಅಯಾನಿಕ, ಸಹವೇಲೆನ್ಸೀಯ, ಲೋಹೀಯ ಬಂಧ ಎಂದು ಹೆಸರು.

"ನೊಗಕ್ಕೆ ಕಟ್ಟುವ ಎತ್ತಿನ ಹಾಗೆ ಅನ್ನು," ಎಂದರು ಗುರುಗಳು. ಹಾಗೆಂದು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಬಳಿ ಒಂದೇ ಎತ್ತು ಇತ್ತು. ನೇಗಿಲಿನ ನೊಗಕ್ಕೆ ಎರಡು ಕೊರಳು ಬೇಕು. ಎತ್ತು ಎಷ್ಟೇ ಬಲವಾಗಿದ್ದರೂ ಒಂಟಿಯಾಗಿ ಹೊಲ ಉಳುವುದಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಹದವಾಗಿತ್ತು. ಹದ ಎಂದರೆ ಉಳಲು ತಕ್ಕಷ್ಟು ಮೆತ್ತಗಿರುವುದು. ಅದು ಹೆಚ್ಚು ಕಾಲ ಇರುವುದಿಲ್ಲ. ಹದ ಆರುವುದರೊಳಗೆ ಜೊತೆ ಸಿಕ್ಕರೆ ಬೆಳೆ, ಸಿಗದಿದ್ದರೆ ಆ ವರ್ಷ ಇಲ್ಲ. ರೈತ ಎತ್ತು ಹಿಡಿದು ಹೊರಟ. ಆದರೆ ಹೊರಡುವಾಗ ಒಂದು ನಿಶ್ಚಯ ಮಾಡಿಕೊಂಡ: ಯಾವ ಊರಿನ ಒಗ್ಗಟ್ಟು ಮುರಿಯುವುದಿಲ್ಲವೋ ಆ ಊರಿನವರ ಜೊತೆಗೇ ಕೂಡಬೇಕು. ಅದಕ್ಕಾಗಿ ಪ್ರತಿ ಊರನ್ನೂ ಮುರಿದು ನೋಡಬೇಕು.

ಮೊದಲ ಊರಿನಲ್ಲಿ ಒಬ್ಬ ಗೌಡನ ಬಳಿ ಏಳು ಎತ್ತುಗಳಿದ್ದವು. ಮೂರು ಜೋಡಿ, ಒಂದು ಒಂಟಿ. ಗೌಡ ಹೇಳಿದ: "ನಿನ್ನ ಎತ್ತು ನನಗೆ ಕೊಟ್ಟುಬಿಡು. ನನ್ನ ನಾಲ್ಕು ಜೋಡಿ ತುಂಬುತ್ತೆ. ನಿನ್ನ ಹೊಲ ಉಳೋದು ನನ್ನ ಪಾಲಿಗಿರಲಿ. ನಿನ್ನನ್ನು ಬಿಟ್ಟು ನಾನಿರೋಲ್ಲ, ನನ್ನನ್ನು ಬಿಟ್ಟು ನೀನಿರೋಲ್ಲ."

ಆ ಊರಿನ ಕ್ರಮವೇ ಅದು. ಎತ್ತು ಕೊಟ್ಟವನ ಮನೆಯ ಎಡಕ್ಕೂ ಬಲಕ್ಕೂ ಎದುರಿಗೂ ಪಡೆದವರ ಮನೆ. ಪಡೆದವನ ಸುತ್ತಲೂ ಕೊಟ್ಟವರ ಮನೆ. ಊರಿಡೀ ಹೀಗೆ ಸಾಲುಸಾಲಾಗಿ, ಚೌಕಾಬಾರದ ಮನೆಯಷ್ಟು ಅಚ್ಚುಕಟ್ಟಾಗಿ ಇತ್ತು. ಒಬ್ಬರನ್ನೊಬ್ಬರು ಎಳೆದು ಹಿಡಿದುಕೊಂಡಿದ್ದರು. ಎಷ್ಟು ಬೇಸಿಗೆ ಬಂದರೂ ಯಾರೂ ಕದಲಿರಲಿಲ್ಲ. ತಮ್ಮ ಬೀದಿ ನೇರವಾಗಿದೆ ಎಂಬುದು ಅವರಿಗೆ ದೊಡ್ಡ ಹೆಮ್ಮೆ.

ರೈತ ಆ ಹೆಮ್ಮೆಗೇ ಪೆಟ್ಟು ಕೊಟ್ಟ. "ನಿಮ್ಮ ಈ ಸಾಲು ಸೊಟ್ಟಗಿದೆಯಲ್ಲ! ಒಂದು ಮನೆಯಷ್ಟು ಪಕ್ಕಕ್ಕೆ ಸರಿದರೆ ನೆಟ್ಟಗಾಗುತ್ತೆ," ಎಂದ.

ಗುಡಿಸಲುಗಳ ಊರು. ಇಡೀ ಸಾಲು ಗುಡಿಸಲು ಕಿತ್ತು ಒಂದು ಮನೆಯಷ್ಟು ಸರಿಯಿತು. ಸರಿದದ್ದು ಅಷ್ಟೇ. ಈಗ ಕೊಟ್ಟವನ ಬಾಗಿಲಿಗೆ ಎದುರಾಗಿ ಕೊಟ್ಟವನು. ಪಡೆದವನ ಬಾಗಿಲಿಗೆ ಎದುರಾಗಿ ಪಡೆದವನು.

"ಬೆಳಗಾಗೆದ್ದು ನಿನ್ನ ಮುಖ ಯಾಕೆ ನೋಡಲಿ? ನಿನ್ನ ಹತ್ತಿರ ನನಗೇನು ಬರಬೇಕು?"

"ನನಗೂ ಅಷ್ಟೇ, ಹೋಗಯ್ಯ!"

ಸಂಜೆಯಾಗುವುದರೊಳಗೆ ಆ ಸಾಲಿನ ಉದ್ದಕ್ಕೂ, ಬೀದಿಯ ನಡುವೆ ಗೆರೆ ಕೊರೆದ ಹಾಗೆ ಊರು ಎರಡಾಯಿತು. ಸುತ್ತಿಗೆ ಬಿದ್ದ ಉಪ್ಪಿನ ಹರಳಿನಲ್ಲಿ ಆಗುವುದೂ ಇದೇ: ಒಂದು ಪದರ ಸರಿಯುತ್ತದೆ, ಒಂದೇ ಬಗೆಯವು ಎದುರೆದುರಾಗುತ್ತವೆ, ಒಂದನ್ನೊಂದು ದೂಡುತ್ತವೆ. "ಇದು ಗಟ್ಟಿಯಲ್ಲ," ಎಂದು ರೈತ ತನ್ನ ಎತ್ತು ಹಿಡಿದು ನಡೆದ.

ಎರಡನೆಯ ಊರಿನಲ್ಲಿ ಒಬ್ಬ ಮುದುಕಿ ಸಿಕ್ಕಳು. ಅವಳ ಬಳಿಯೂ ಒಂದೇ ಎತ್ತು. "ನಿಂದೊಂದು, ನಂದೊಂದು. ಜೋಡಿ ಇಬ್ಬರದೂ. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಬಾರಪ್ಪ, ಹದ ಆರ್ತಾ ಇದೆ," ಎಂದಳು.

ರೈತನಿಗೆ ಮನಸ್ಸಾಯಿತು. ಅವಳ ಎತ್ತೂ ಅವನ ಎತ್ತೂ ಒಂದೇ ಎತ್ತರ. ಆದರೂ ನೋಡಿಬಿಡೋಣ ಎಂದು ಊರಂಚಿನ ಒಣಹುಲ್ಲಿಗೆ ಬೆಂಕಿ ಇಟ್ಟ. ಹೊಗೆ ಕಂಡದ್ದೇ ತಡ, ಜನ ಓಡಿದರು. ಅಲ್ಲಿ ಎರಡೆರಡು ಮನೆ ಸೇರಿ ಒಂದು ಜೋಡಿ, ಈ ಜೋಡಿಗೆ ಆ ಜೋಡಿಯ ಗೊಡವೆ ಇರಲಿಲ್ಲ. ಒಂದು ಜೋಡಿ ಪೂರ್ವಕ್ಕೆ, ಇನ್ನೊಂದು ಜೋಡಿ ದಕ್ಷಿಣಕ್ಕೆ. ನೋಡನೋಡುತ್ತ ಊರು ಬಯಲಾಯಿತು, ತಟ್ಟೆಯಲ್ಲಿಟ್ಟ ಕರ್ಪೂರದ ಹಾಗೆ.

ಮುದುಕಿ ಓಡುತ್ತ ಕೂಗಿದಳು: "ಏ ತಮ್ಮ, ಹಗ್ಗ ಹಿಡೀತೀಯೋ ಇಲ್ಲವೋ?"

ರೈತ ಹಿಡಿಯಲಿಲ್ಲ. ಅವನು ನಿಂತು ನೋಡುತ್ತಿದ್ದ. "ಇದೂ ಗಟ್ಟಿಯಲ್ಲ. ಇಷ್ಟು ಬಿಸಿಗೇ ಊರು ಖಾಲಿ," ಎಂದ.

ಇಲ್ಲಿ ನಿಜಗುಣಯ್ಯ ಸುಮ್ಮನಿರಲಾರದೆ ನಡುವೆ ಬಾಯಿ ಹಾಕಿದ: "ಅಲ್ಲ ಬುದ್ಧಿ, ಅದು ರೈತನ ತಪ್ಪು ಲೆಕ್ಕ. ಚದುರಿದ್ದು ಜೋಡಿ ಜೋಡಿಗಳ ನಡುವಿನ ನೆರೆಹೊರೆ. ಜೋಡಿ ಒಡೆಯಲೇ ಇಲ್ಲ. ಕರ್ಪೂರ ಆವಿಯಾದರೂ ಅದರ ಕಣದೊಳಗಿನ ಬಂಧ ಹಾಗೇ ಇರುತ್ತದೆ."

"ಹೌದೇ? ರೈತನಿಗೆ ಅದು ಕಾಣಿಸಲಿಲ್ಲ," ಎಂದರು ಗುರುಗಳು. "ಇನ್ನೊಂದೂ ಕಾಣಿಸಲಿಲ್ಲ. ಆ ಊರಿನ ಮೂಲೆಯಲ್ಲಿ ಒಂದು ಕೇರಿ ಇತ್ತು. ಅಲ್ಲಿ ಪ್ರತಿ ಮನೆಯೂ ಸುತ್ತಲಿನ ನಾಲ್ಕು ಮನೆಗಳೊಂದಿಗೆ ಜೋಡಿ ಹಂಚಿಕೊಂಡಿತ್ತು. ಬೆಂಕಿ ಬಂದರೂ ಆ ಕೇರಿಯವರು ಕದಲಲಿಲ್ಲ."

"ವಜ್ರ!" ಎಂದ ನಿಜಗುಣಯ್ಯ. "ವಜ್ರದೊಳಗಿನ ಬಂಧ ಹೀಗೇ. ಹಾಗಾದರೆ ಅದೇ ಗಟ್ಟಿ."

"ಗಟ್ಟಿಯೇ. ಆದರೆ ಅಲ್ಲಿ ಯಾರ ಎತ್ತೂ ಒಂಟಿಯಾಗಿರಲಿಲ್ಲ. ಹೊಸಬನ ಹಗ್ಗ ಕಟ್ಟಲು ಗೂಟವೇ ಖಾಲಿ ಇರಲಿಲ್ಲ. ಮುಂದೆ ಕೇಳು."

ಮೂರನೆಯ ಊರಿಗೆ ಬರುವ ಹೊತ್ತಿಗೆ ನೆಲದ ಮೇಲ್ಪದರ ಬಿಳಿಚಿಕೊಂಡಿತ್ತು. ಅಲ್ಲಿ ಊರಿಗೆಲ್ಲ ಒಂದೇ ದೊಡ್ಡಿ. ಎಲ್ಲರ ಎತ್ತುಗಳೂ ಅದರಲ್ಲೇ. ಬೇಕಾದವರು ಬೇಕಾದ ಜೋಡಿ ಹೊಡೆದುಕೊಂಡು ಹೋಗುತ್ತಿದ್ದರು. ರೈತ ಇಲ್ಲೂ ಸಾಲು ಸರಿಸಿ ನೋಡಿದ. ಅವರು ನಗುತ್ತ ಸರಿದರು. ಯಾರ ಎದುರಿಗೆ ಯಾರು ಬಂದರೂ ಅವರಿಗೆ ಒಂದೇ ಆಗಿತ್ತು, ಏಕೆಂದರೆ ದೊಡ್ಡಿ ಎಲ್ಲರ ನಡುವೆಯೂ ಇತ್ತು. ಊರು ಬಾಗಿತು, ಬಿರಿಯಲಿಲ್ಲ. ಒಂದು ತುದಿಯಲ್ಲಿ ಹೊಗೆ ಎಬ್ಬಿಸಿದ. ಇನ್ನೊಂದು ತುದಿಯವರು ಆಗಲೇ ಕೊಡ ಹಿಡಿದು ಓಡಿ ಬಂದರು. ರೈತನಿಗೆ ಸಂತೋಷವಾಯಿತು. ಇದೇ ಊರು ಎಂದುಕೊಂಡ.

ದೊಡ್ಡಿ ಕಾಯುವವನು ಹೇಳಿದ: "ಹಾಗಾದರೆ ಹಗ್ಗ ಬಿಚ್ಚಿ ಒಳಗೆ ಬಿಡು."

"ನಾಳೆ ನನ್ನ ಎತ್ತೇ ನನಗೆ ಸಿಗುತ್ತದೆಯೋ?"

"ಯಾವುದೋ ಒಂದು ಜೋಡಿ ಸಿಗುತ್ತೆ. ನಿಂದೇ ಬೇಕು ಅಂದರೆ ಇಲ್ಲಿಗೆ ಯಾಕೆ ಬಂದೆ, ಮಾರಾಯ?"

ರೈತ ಯೋಚಿಸಿದ. ಬಿಡಬೇಕು ಅನ್ನಿಸಿತು, ಬಿಡಬಾರದು ಅನ್ನಿಸಿತು. ಎತ್ತನ್ನು ದೊಡ್ಡಿಯೊಳಗೆ ಬಿಟ್ಟು, ಹಗ್ಗದ ತುದಿಯನ್ನು ಮಾತ್ರ ತನ್ನ ಕೈಯಲ್ಲೇ ಹಿಡಿದುಕೊಂಡ. ಎತ್ತು ದೊಡ್ಡಿಯ ಬಾಗಿಲಿನಲ್ಲೇ ಸಿಕ್ಕಿಕೊಂಡು ನಿಂತಿತು. ಒಳಗಿನವಕ್ಕೆ ಹೊರಗೆ ಬರಲಾಗಲಿಲ್ಲ, ಹೊರಗಿನವಕ್ಕೆ ಒಳಗೆ ಹೋಗಲಾಗಲಿಲ್ಲ. ಕಾಯುವವನು ಮೆಲ್ಲಗೆ ಅದನ್ನು ಹೊರಕ್ಕೆ ತಳ್ಳಿ ಬಾಗಿಲು ಹಾಕಿದ.

ರೈತ ಮತ್ತೆ ಮೊದಲ ಊರಿಗೆ ಬಂದ. ಅದು ಎರಡಾಗಿತ್ತು, ಗೌಡ ಯಾವ ಕಡೆ ಇದ್ದಾನೆಂದು ಹೇಳುವವರಿರಲಿಲ್ಲ. ಎರಡನೆಯ ಊರಿಗೆ ಬಂದ. ಮುದುಕಿ ಮರಳಿ ಬಂದಿದ್ದಳು, ಅವಳ ಹೊಲ ಉತ್ತಾಗಿತ್ತು. ಯಾರದೋ ಎತ್ತು ಅವಳ ಎತ್ತಿಗೆ ಜೋಡಿಯಾಗಿತ್ತು. ಕೊನೆಗೆ ಅವನು ತನ್ನ ಹೊಲಕ್ಕೆ ಬಂದು ಗುದ್ದಲಿ ಎತ್ತಿ ಹಾಕಿದ. ಗುದ್ದಲಿ ಠಣ್ ಎಂದು ಹಾರಿತು. ಹದ ಆರಿ ನೆಲ ಬಂಡೆಯಾಗಿತ್ತು. ಯಾವ ಪೆಟ್ಟಿಗೂ ಜಗ್ಗದ ಗಟ್ಟಿತನವನ್ನು ಅವನು ಹುಡುಕುತ್ತಿದ್ದನಲ್ಲ, ಅದು ಅವನಿಗೆ ಅಲ್ಲಿ ಸಿಕ್ಕಿತು.

ಗುರುಗಳು ಕತೆ ನಿಲ್ಲಿಸಿದರು.

ನಿಜಗುಣಯ್ಯನಿಗೆ ಇನ್ನೂ ಗೊಂದಲವಾಯಿತು. ಎತ್ತು ಎಂದರೆ ಎಲೆಕ್ಟ್ರಾನ್, ಊರು ಎಂದರೆ ವಸ್ತು, ಇಷ್ಟು ಅವನಿಗೆ ತಿಳಿದಿತ್ತು. ಕೊಟ್ಟು ಪಡೆದದ್ದು ಬಿಸಿಗೆ ಗಟ್ಟಿ, ಪೆಟ್ಟಿಗೆ ಅಲ್ಲ. ಹಂಚಿಕೊಂಡದ್ದು ಒಳಗೆ ಗಟ್ಟಿ, ಹೊರಗೆ ಚದುರುತ್ತದೆ. ಒಟ್ಟಿಗೆ ಬಿಟ್ಟದ್ದು ಬಾಗುತ್ತದೆ, ಮುರಿಯುವುದಿಲ್ಲ, ಆದರೆ ನನ್ನದು ಎನ್ನುವ ಹಾಗಿಲ್ಲ. ಎಲ್ಲವನ್ನೂ ಬೆರಳು ಮಡಿಸಿ ಹೇಳಿ ನೋಡಿದ.

"ಬುದ್ಧಿ, ಉಪ್ಪು ನೀರಿನಲ್ಲಿ ಕರಗುವುದು ಕತೆಯಲ್ಲಿ ಬರಲೇ ಇಲ್ಲ."

"ಇರುವುದು ಒಂದೇ ಎತ್ತು, ಎಷ್ಟು ಅಂತ ಹೇರುತ್ತೀಯ?"

"ಹಾಗಾದರೆ ಕೊನೆಗೆ ಗಟ್ಟಿ ಯಾವುದು? ರೈತ ಮೊದಲೇ ಯಾವ ಊರನ್ನು ಆರಿಸಬೇಕಿತ್ತು?"

ಗುರುಗಳು ಉತ್ತರ ಕೊಡುವುದರೊಳಗೆ ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ತಿಪ್ಪೇರುದ್ರಪ್ಪ ಬಂದಿದ್ದ. ಅವನು ಬಾಗಿಲಲ್ಲೇ ಕೈಮುಗಿದು ಹೇಳಿದ:

"ಬುದ್ಧಿ, ಮೇಷ್ಟ್ರಿಂದ ಒಂದು ಮಾತು ಆಡಿಸಿಬಿಡಿ. ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ನಮ್ಮ ಹುಡುಗಿ ತಾನೇ ಕೇಳ್ತೀನಿ ಅಂತ ಜೊತೇಲೇ ಬಂದವ್ಳೆ. ಅಲ್ಲಿ ಬೇವಿನ ಮರದ ಕೆಳಗೆ ನಿಂತವ್ಳೆ ನೋಡಿ."

ನಿಜಗುಣಯ್ಯ ನೋಡಿದ. ಚಂಪಾವತಿ ಮರದ ಕೆಳಗೆ, ಮಠದ ಕಡೆಗೇ ಮುಖ ಮಾಡಿ ನಿಂತಿದ್ದಳು. ಅವನು ಗಡಬಡಿಸಿ ಎದ್ದ. ಅವಳಿಗೆ ಇನ್ನೊಂದೇ ಒಂದು ಪ್ರಶ್ನೆ ಕೇಳಿ ನೋಡಬೇಕು, ಅದಕ್ಕೆ ಅವಳು ಏನು ಹೇಳುತ್ತಾಳೋ ಅದರ ಮೇಲೆ ತೀರ್ಮಾನಿಸಬೇಕು ಎಂದು ಅವನ ಮನಸ್ಸಿನಲ್ಲಿತ್ತು. ಆ ಪ್ರಶ್ನೆಯನ್ನು ತುಟಿಯಲ್ಲೇ ಹೊಂದಿಸಿಕೊಳ್ಳುತ್ತ ಹೊಸ್ತಿಲಿನವರೆಗೆ ಹೋದ.

"ನಿಜಗುಣ," ಎಂದರು ಗುರುಗಳು, "ಆ ಸುತ್ತಿಗೆಯನ್ನು ಇಲ್ಲೇ ಇಟ್ಟು ಹೋಗು."